ಮುಗಿದ ಸೆಲ್ಲಿನ ಪುನರ್ಭರಣ : ಅಪಾಯವೂ ಮಿತವ್ಯಯದ ಮಾರ್ಗವೂ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಸುತ್ತಿನ ಹಳ್ಳಿಗಳಲ್ಲಿ ಇರುಳು ಗದ್ದೆಗೆ ಹೊರಟ ಹಿರಿಯನು ಮಗನನ್ನು ಕರೆದು, "ಬ್ಯಾಟ್ರಿ ತಕ್ಕೊಂಡ್ ಬಾ ಕಣ್ಲಾ" ಎಂದರೆ ಮಗನು ತಂದುಕೊಡುವುದು ಕೈದೀಪವನ್ನು. ಅದರೊಳಗೆ ತುಂಬುವ ಉರುಳೆಗೆ ಅಲ್ಲಿ 'ಸೆಲ್ಲು' ಎಂದು ಹೆಸರು. ಪಟ್ಟಣದವರಾದರೋ ಸೆಲ್ಲನ್ನೇ ಬ್ಯಾಟರಿಯೆಂದು ಕರೆದು, ದೀಪಕ್ಕೆ ಟಾರ್ಚು ಎನ್ನುತ್ತಾರೆ. ಶಾಸ್ತ್ರದೃಷ್ಟಿಯಿಂದ ನೋಡಿದರೆ ಹಳ್ಳಿಯ ಪ್ರಯೋಗವನ್ನು ತಪ್ಪೆಂದು ತಳ್ಳಿಹಾಕುವಂತಿಲ್ಲ. ಬ್ಯಾಟರಿ ಎಂಬ ಇಂಗ್ಲಿಷ್ ಶಬ್ದಕ್ಕೆ ಫಿರಂಗಿಗಳ ಸಾಲು ಎಂಬುದು ಹಳೆಯ ಅರ್ಥ. ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ವಿದ್ಯುತ್ತನ್ನು ಹಿಡಿದಿಡುವ ಜಾಡಿಗಳ ಸಾಲಿಗೆ ಈ ಹೆಸರನ್ನಿತ್ತನು. ಒಂಟಿಯಾಗಿರುವುದು ಸೆಲ್ಲು, ಎಂದರೆ ವಿದ್ಯುತ್ಕೋಶ. ಒಂದರ ಹಿಂದೆ ಒಂದಾಗಿ ಸಾಲುಗೂಡಿದರೆ ಅದು ಬ್ಯಾಟರಿ. ಎರಡು ಮೂರು ಸೆಲ್ಲುಗಳನ್ನು ಸಾಲಾಗಿ ಒಡಲಲ್ಲಿಟ್ಟುಕೊಂಡ ಕೈದೀಪವನ್ನು ಬ್ಯಾಟರಿಯೆಂದು ಕರೆದ ರೈತನು ಮೂಲಾರ್ಥಕ್ಕೆ ಪಟ್ಟಣಿಗನಿಗಿಂತ ಸಮೀಪದಲ್ಲಿಯೇ ಇದ್ದಾನೆ.

ಈ ಸೀಮೆಗೆ ವಿದ್ಯುತ್ತು ಹೊಸತೇನೂ ಅಲ್ಲ. ನೆರೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕನ್ನು ಕಟ್ಟಿಹಾಕಿ ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಲಾಯಿತು. ಹೀಗಿದ್ದರೂ ಕೈದೀಪದ ಅಗತ್ಯವು ಇಂದಿಗೂ ತಪ್ಪಿಲ್ಲ. ಪಂಪುಸೆಟ್ಟುಗಳಿಗೆ ವಿದ್ಯುತ್ತು ಪಾಳಿಯ ಮೇಲೆ ದೊರೆಯುವುದರಿಂದ ರೈತನು ಅನೇಕ ವೇಳೆ ನಡುವಿರುಳಿನಲ್ಲಿಯೇ ಎದ್ದು ಕಬ್ಬಿನ ತೋಟಕ್ಕೋ ಭತ್ತದ ಗದ್ದೆಗೋ ನೀರು ತಿರುಗಿಸಲು ಹೋಗಬೇಕಾಗುತ್ತದೆ. ಬದುವಿನ ಮೇಲೆ ಹಾವು ಹರಿದಾಡುವ ವೇಳೆಯದು. ಅಂತಹ ಸಮಯದಲ್ಲಿ ಕೈದೀಪವು ಅಲಂಕಾರದ ವಸ್ತುವಲ್ಲ, ಪ್ರಾಣರಕ್ಷಣೆಯ ಸಾಧನ. ಇದರೊಡನೆ ಗೋಡೆಯ ಗಡಿಯಾರ, ರೇಡಿಯೊ, ದೂರದರ್ಶನದ ರಿಮೋಟು, ಮಕ್ಕಳ ಆಟಿಕೆ ಇವೆಲ್ಲಕ್ಕೂ ಸೆಲ್ಲು ಬೇಕು. ಆದುದರಿಂದ ಸೆಲ್ಲಿನ ವೆಚ್ಚವು ಉಪ್ಪು ಮೆಣಸಿನಕಾಯಿಯ ವೆಚ್ಚದಂತೆ ಸಂಸಾರದ ಲೆಕ್ಕದಲ್ಲಿ ಸೇರಿಹೋಗಿದೆ.

ವೆಚ್ಚವಿರುವಲ್ಲಿ ಅದನ್ನು ತಗ್ಗಿಸುವ ಯತ್ನವೂ ಇರುವುದು ಸಹಜ. ಮುಗಿದ ಸೆಲ್ಲನ್ನು ಬಿಸಿಲಿಗಿಡುವುದು, ಒಲೆಯ ಬಿಸಿಬೂದಿಯ ಬಳಿ ಇಡುವುದು, ಕುದಿಯುವ ನೀರಿನಲ್ಲಿ ಅದ್ದುವುದು, ಮೊಳೆಯಿಂದ ತೂತುಮಾಡಿ ಉಪ್ಪುನೀರು ಬಿಡುವುದು ಮುಂತಾದ ಉಪಾಯಗಳು ಹಿಂದಿನಿಂದ ನಡೆದುಬಂದಿವೆ. ಇತ್ತೀಚೆಗೆ ಚಾರ್ಜರುಗಳು ಸುಲಭವಾಗಿ ದೊರೆಯುವುದರಿಂದ, ಒಮ್ಮೆ ಬಳಸಿ ಬಿಸಾಡತಕ್ಕ ಸೆಲ್ಲನ್ನೇ ಅದರಲ್ಲಿ ಸಿಕ್ಕಿಸಿ ಮತ್ತೆ ತುಂಬಿಸಲು ನೋಡುವ ರೂಢಿಯೂ ಸೇರಿಕೊಂಡಿದೆ. ಈ ಯತ್ನದ ಹಿಂದಿರುವ ಮಿತವ್ಯಯದ ಬುದ್ಧಿಯು ಶ್ಲಾಘ್ಯವೇ ಸರಿ. ಆದರೆ ಮಾರ್ಗವು ತಪ್ಪಾದಲ್ಲಿ ಉಳಿತಾಯವಾಗುವುದು ಕೆಲವು ರೂಪಾಯಿ. ಕಳೆದುಕೊಳ್ಳಬೇಕಾಗಿ ಬರುವುದು ಕಣ್ಣನ್ನೋ ಕೈಯನ್ನೋ ಆಗಬಹುದು. ಯಾವ ಸೆಲ್ಲನ್ನು ತುಂಬಬಹುದು, ಯಾವುದನ್ನು ತುಂಬಬಾರದು, ಏಕೆ ತುಂಬಬಾರದು, ನಿಜವಾದ ಮಿತವ್ಯಯ ಯಾವುದು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಕೋಶದ ಒಳರಚನೆ

'ಕೋಶ' ಎಂಬ ಸಂಸ್ಕೃತ ಶಬ್ದಕ್ಕೆ ಭಂಡಾರವೆಂದೂ ಒರೆಯೆಂದೂ ನಿಘಂಟೆಂದೂ ಅರ್ಥಗಳುಂಟು. ವಿದ್ಯುತ್ಕೋಶವೆಂದೊಡನೆ ಅದರಲ್ಲಿ ವಿದ್ಯುತ್ತು ಭಂಡಾರದ ಹಣದಂತೆ ಶೇಖರವಾಗಿದೆಯೆಂದು ಜನರು ಭಾವಿಸುವುದುಂಟು. ವಾಸ್ತವವಾಗಿ ಅದರಲ್ಲಿರುವುದು ವಿದ್ಯುತ್ತಲ್ಲ. ವಿದ್ಯುತ್ತನ್ನು ಹುಟ್ಟಿಸಬಲ್ಲ ದ್ರವ್ಯಗಳು. ೧೮೦೦ರಲ್ಲಿ ಇಟಲಿಯ ಅಲೆಸಾಂಡ್ರೊ ವೋಲ್ಟನು ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಪದರವನ್ನಿಟ್ಟು ಪೇರಿಸಿ, ನಿರಂತರವಾದ ವಿದ್ಯುತ್ಪ್ರವಾಹವನ್ನು ಪಡೆದನು. ೧೮೬೬ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಷೆಯು ಸತು, ಮ್ಯಾಂಗನೀಸ್ ಡಯಾಕ್ಸೈಡ್, ಇಂಗಾಲ ಮತ್ತು ನವಸಾಗರದ ದ್ರಾವಣಗಳಿಂದ ಗಾಜಿನ ಜಾಡಿಯಲ್ಲಿ ಒಂದು ಕೋಶವನ್ನು ರಚಿಸಿದನು. ೧೮೮೦ರ ದಶಕದಲ್ಲಿ ಜರ್ಮನಿಯ ಕಾರ್ಲ್ ಗಾಸ್ನರನು ದ್ರಾವಣಕ್ಕೆ ಬದಲಾಗಿ ಸರಿಯಂತಹ ಪದಾರ್ಥವನ್ನು ಬಳಸಿ, ಸತುವನ್ನೇ ಪಾತ್ರೆಯನ್ನಾಗಿ ಮಾಡಿದನು. ಅಲ್ಲಿಂದ 'ಶುಷ್ಕಕೋಶ'ವು ಲೋಕವನ್ನೆಲ್ಲ ವ್ಯಾಪಿಸಿತು.

ಶುಷ್ಕವೆಂಬುದು ಹೆಸರಿಗೆ ಮಾತ್ರ. ಒಳಗಿನ ಸರಿಯು ತೇವವಾಗಿರುವ ತನಕವೇ ಅದಕ್ಕೆ ಜೀವ. ಪೂರ್ತಿ ಒಣಗಿದರೆ ಅದು ಸತ್ತಂತೆಯೇ. ಸಾಧಾರಣವಾದ ಅಗ್ಗದ ಸೆಲ್ಲನ್ನು ಮನಸ್ಸಿನಲ್ಲಿ ಸೀಳಿ ನೋಡಿದರೆ, ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ಕಪ್ಪನೆಯ ಮ್ಯಾಂಗನೀಸ್ ಡಯಾಕ್ಸೈಡಿನ ಮಿಶ್ರಣ, ಅದನ್ನು ಸುತ್ತಿದ ತೇವದ ತೆಳುಪದರ, ಹೊರಗೆ ಸತುವಿನ ಡಬ್ಬಿ ಇಷ್ಟು ಕಾಣುತ್ತವೆ. ದೀಪವನ್ನು ಹೊತ್ತಿಸಿದಾಗ ಸತುವು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಅದು ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ದೀಪದ ಮೂಲಕ ಹಾದು ಇಂಗಾಲದ ಕಡ್ಡಿಯನ್ನು ಸೇರಿ, ಮ್ಯಾಂಗನೀಸ್ ಡಯಾಕ್ಸೈಡನ್ನು ಬೇರೊಂದು ದ್ರವ್ಯವಾಗಿ ಮಾರ್ಪಡಿಸುತ್ತವೆ. ಎಂದರೆ, ದೀಪವು ಉರಿದಷ್ಟೂ ಸೆಲ್ಲಿನ ಗೋಡೆಯೇ ಸವೆಯುತ್ತದೆ. ಹಳೆಯ ಸೆಲ್ಲುಗಳು ಸೋರಿ ಟಾರ್ಚಿನೊಳಗೆ ಅಂಟಿಕೊಳ್ಳುವುದಕ್ಕೆ ಇದೇ ಕಾರಣ.

ಇನ್ನೊಂದು ಬಗೆಯಾದ ಆಲ್ಕಲೈನ್ ಸೆಲ್ಲಿನಲ್ಲಿ, ಎಂದರೆ ಕ್ಷಾರಕೋಶದಲ್ಲಿ, ರಚನೆಯು ತಿರುವುಮುರುವಾಗಿದೆ. ಸತುವು ಪುಡಿಯ ರೂಪದಲ್ಲಿ ನಡುವೆ ಇರುತ್ತದೆ. ಹೊರಗಿನ ಡಬ್ಬಿ ಉಕ್ಕಿನದು. ನವಸಾಗರದ ಸ್ಥಾನದಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣವಾದ ಕ್ಷಾರವಿರುತ್ತದೆ. ಇದು ಹೆಚ್ಚು ಕಾಲ ಬಾಳುತ್ತದೆ, ಬೆಲೆಯೂ ಹೆಚ್ಚು. ಎರಡೂ ಬಗೆಗಳು ಹೊಸತರಲ್ಲಿ ಸುಮಾರು ೧.೫ ವೋಲ್ಟನ್ನು ಕೊಡುತ್ತವೆ. ಎರಡೂ ಒಮ್ಮೆ ಬಳಸಿ ಮುಗಿಸತಕ್ಕವೇ.

ಬಿಸಿಲಿಗಿಟ್ಟ ಸೆಲ್ಲಿನ ರಹಸ್ಯ

ಹಾಗಾದರೆ ಬಿಸಿಲಿಗಿಟ್ಟ ಸೆಲ್ಲು ಮತ್ತೆ ಬೆಳಗುವುದು ಹೇಗೆ? ಹಳ್ಳಿಯವರ ಅನುಭವವು ಸುಳ್ಳಲ್ಲ. ಅದಕ್ಕೆ ಕೊಟ್ಟುಕೊಂಡ ಕಾರಣ ಮಾತ್ರ ಸರಿಯಲ್ಲ. ಬೇಸಗೆಯ ಬಾವಿಯನ್ನು ಸಂಜೆಯವರೆಗೆ ಸೇದಿದರೆ ತಳ ಕಾಣುತ್ತದೆ. ರಾತ್ರಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಊಟೆಯಿಂದ ನಾಲ್ಕು ಕೊಡ ನೀರು ಊರಿರುತ್ತದೆ. ಮಳೆ ಬಂದುದರಿಂದ ಅದು ಬಂದುದಲ್ಲ. ನೆಲದಲ್ಲಿ ಅಳಿದುಳಿದಿದ್ದ ನೀರು ನಿಧಾನವಾಗಿ ಸೇರಿಕೊಂಡಿತಷ್ಟೆ. ಸೆಲ್ಲಿನಲ್ಲಿಯೂ ಹಾಗೆಯೇ. ಎಡೆಬಿಡದೆ ಪ್ರವಾಹವನ್ನೆಳೆದಾಗ ಕಡ್ಡಿಯ ಸಮೀಪದ ದ್ರವ್ಯವು ಬೇಗ ವ್ಯಯವಾಗಿ ಬೆಳಕು ಕುಂದುತ್ತದೆ. ವಿರಾಮ ದೊರೆತರೆ ದೂರದಲ್ಲಿ ಉಳಿದಿರುವ ದ್ರವ್ಯವು ಕೆಲಸಕ್ಕೆ ಒದಗುತ್ತದೆ. ಬಿಸಿಲಿನ ಶಾಖವು ಈ ಚಲನೆಯನ್ನು ತುಸು ಚುರುಕುಗೊಳಿಸುತ್ತದೆ. ಆದುದರಿಂದ ಬಿಸಿಲಿನಿಂದ ಸೆಲ್ಲಿಗೆ ಹೊಸದಾಗಿ ಏನೂ ಬರಲಿಲ್ಲ, ಉಳಿದಿದ್ದುದೇ ಹೊರಬಂದಿತು. ನೆರಳಿನಲ್ಲಿ ಸುಮ್ಮನೆ ಇಟ್ಟಿದ್ದರೂ ಈ ಚೇತರಿಕೆಯಲ್ಲಿ ಬಹುಭಾಗ ದೊರೆಯುತ್ತಿತ್ತು.

ಶಾಖವು ಅತಿಯಾದರೆ ಒಳಗಿನ ತೇವವು ಆರುತ್ತದೆ, ಅಂಚಿನ ಮುದ್ರೆಯು ಸಡಿಲವಾಗುತ್ತದೆ, ಹೊಸ ಸೆಲ್ಲಾದರೂ ಬೇಗ ಕೆಡುತ್ತದೆ. ಒಲೆಯ ಬೂದಿಯಲ್ಲಿಟ್ಟರೆ ಒಳಗಿನ ಆವಿಯ ಒತ್ತಡಕ್ಕೆ ಸೆಲ್ಲು ಸಿಡಿಯಬಹುದು. ತೂತುಮಾಡಿ ಉಪ್ಪುನೀರು ಬಿಟ್ಟಾಗ, ಒಣಗಿದ ಕೋಶವು ಒಂದೆರಡು ದಿನ ಬೆಳಕು ಕೊಡುವುದು ನಿಜ. ಆದರೆ ಆ ತೂತಿನಿಂದ ಸೋರಿದ ದ್ರಾವಣವು ಟಾರ್ಚಿನ ಸ್ಪ್ರಿಂಗನ್ನೂ ತಗಡನ್ನೂ ತಿಂದುಹಾಕುತ್ತದೆ. ಐದು ದಿನಗಳ ಬೆಳಕಿಗಾಗಿ ಐದು ವರ್ಷದ ದೀಪವನ್ನು ಕಳೆದುಕೊಂಡಂತಾಗುತ್ತದೆ. ಆಲ್ಕಲೈನ್ ಸೆಲ್ಲಿಗಂತೂ ಮೊಳೆ ಹೊಡೆಯಲೇಬಾರದು. ಅದರಿಂದ ಚಿಮ್ಮುವ ಕ್ಷಾರವು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಮುಪ್ಪಾದೀತು.

ಚಾರ್ಜರಿಗೆ ಹಾಕಿದರೆ ಆಗುವುದೇನು?

ಪುನರ್ಭರಣವೆಂದರೆ, ಕೋಶವು ವಿದ್ಯುತ್ತನ್ನು ಕೊಡುವಾಗ ನಡೆದ ರಾಸಾಯನಿಕ ಕ್ರಿಯೆಯನ್ನು ಹೊರಗಿನ ವಿದ್ಯುತ್ತಿನಿಂದ ಹಿಮ್ಮುಖವಾಗಿ ನಡೆಸುವುದು. ಕೆಲವು ದ್ರವ್ಯಗಳಲ್ಲಿ ಇದು ಸುಗಮವಾಗಿ ಸಾಗುತ್ತದೆ. ೧೮೫೯ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆಯು ರಚಿಸಿದ ಸೀಸ ಮತ್ತು ಆಮ್ಲದ ಕೋಶವು ಇದಕ್ಕೆ ಮೊದಲ ಉದಾಹರಣೆ. ಟ್ರ್ಯಾಕ್ಟರು ಬಸ್ಸುಗಳ ಬ್ಯಾಟರಿ ಅದರ ಸಂತತಿಯೇ. ಅಂತಹ ಕೋಶವನ್ನು ಕೊಡಕ್ಕೆ ಹೋಲಿಸಬಹುದು. ಬರಿದಾದರೆ ಮತ್ತೆ ತುಂಬಿಸಬಹುದು. ಬಿಸಾಡತಕ್ಕ ಸೆಲ್ಲಾದರೋ ಸೌದೆಯಂತೆ. ಉರಿದು ಬೂದಿಯಾದ ಸೌದೆಯ ಮೇಲೆ ಎಷ್ಟು ಬೆಂಕಿ ಕಾಯಿಸಿದರೂ ಅದು ಮತ್ತೆ ಸೌದೆಯಾಗಲಾರದು.

ಸತುವಿನ ಸೆಲ್ಲಿಗೆ ಹಿಮ್ಮುಖವಾಗಿ ವಿದ್ಯುತ್ತನ್ನು ಹಾಯಿಸಿದರೆ ಮೂರು ಬಗೆಯ ಅನರ್ಥಗಳು ಸಂಭವಿಸುತ್ತವೆ. ಮೊದಲನೆಯದಾಗಿ, ಕರಗಿದ ಸತುವು ಮರಳಿ ಕೂಡುವುದಾದರೂ ತಾನು ಹೊರಟ ಸ್ಥಳದಲ್ಲಿಯೇ ಸಮನಾಗಿ ಕೂಡುವುದಿಲ್ಲ. ಕೆರೆಯ ಏರಿಯಿಂದ ಕೊಚ್ಚಿಹೋದ ಮಣ್ಣು ಎಲ್ಲಿಯೋ ಮರಳದಿಣ್ಣೆಯಾಗಿ ನಿಲ್ಲುವುದೇ ಹೊರತು ಏರಿಗೆ ಮರಳಿ ಬಂದು ಸೇರದು. ಅಂತೆಯೇ ಸತುವು ಸೂಜಿಯಂತಹ ಮೊನೆಗಳಾಗಿ ಬೆಳೆದು ನಡುವಣ ತೆಳುಪದರವನ್ನು ಚುಚ್ಚಿ ಆಚೆಗೆ ಮುಟ್ಟುತ್ತದೆ. ಆಗ ಸೆಲ್ಲಿನೊಳಗೇ ಶಾರ್ಟ್ ಸರ್ಕ್ಯೂಟು ಆಗಿ ಅದು ಕಾಯುತ್ತದೆ. ಎರಡನೆಯದಾಗಿ, ತುಂಬಿಸಿದ ವಿದ್ಯುತ್ತಿನ ಒಂದು ಭಾಗವು ಒಳಗಿನ ನೀರನ್ನು ಒಡೆದು ಜಲಜನಕ ಮತ್ತು ಆಮ್ಲಜನಕಗಳನ್ನು ಹೊರಡಿಸುತ್ತದೆ. ಅನಿಲಕ್ಕೆ ಹೊರದಾರಿಯಿಲ್ಲದೆ ಒತ್ತಡವು ಏರುತ್ತದೆ. ಆಲ್ಕಲೈನ್ ಸೆಲ್ಲಿನ ತಳದ ಮುದ್ರೆಯಲ್ಲಿ, ಒತ್ತಡ ಮಿತಿಮೀರಿದರೆ ಹರಿಯಲೆಂದು ಒಂದು ತೆಳ್ಳನೆಯ ಭಾಗವನ್ನಿಟ್ಟಿರುತ್ತಾರೆ. ಅದು ಹರಿದಾಗ ಅನಿಲದೊಡನೆ ಕ್ಷಾರವೂ ಹೊರಚೆಲ್ಲುತ್ತದೆ; ಹರಿಯದಿದ್ದರೆ ಡಬ್ಬಿಯೇ ಸಿಡಿಯುತ್ತದೆ. ಮೂರನೆಯದಾಗಿ, ಮ್ಯಾಂಗನೀಸಿನ ದ್ರವ್ಯವು ಒಂದು ಹಂತವನ್ನು ಮೀರಿ ಮಾರ್ಪಟ್ಟ ಮೇಲೆ ಅದನ್ನು ಹಿಂದಿನ ಸ್ಥಿತಿಗೆ ತರಲಾಗುವುದಿಲ್ಲ. ಆದಕಾರಣ ಅಪಾಯವನ್ನೆಲ್ಲ ಎದುರಿಸಿ ಪಡೆಯುವ ಫಲವೂ ಅತ್ಯಲ್ಪ.

ಅರ್ಧ ಮಾತ್ರ ಬಳಸಿದ ಸೆಲ್ಲನ್ನು, ಕೂಡಲೇ, ಅತಿ ಮಂದವಾದ ಪ್ರವಾಹದಿಂದ, ಕಾವಲಿನಲ್ಲಿಟ್ಟುಕೊಂಡು ಸ್ವಲ್ಪಮಟ್ಟಿಗೆ ಚೇತರಿಸಬಹುದೆಂಬುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಪುನರ್ಭರಣಕ್ಕೆಂದೇ ವಿಶೇಷವಾಗಿ ರಚಿಸಿದ ಕ್ಷಾರಕೋಶಗಳೂ ೧೯೯೦ರ ದಶಕದಲ್ಲಿ ಪರದೇಶಗಳ ಮಾರುಕಟ್ಟೆಗೆ ಬಂದಿದ್ದುವು. ಈ ಅಪವಾದಗಳನ್ನು ಕೇಳಿದವರು ಎಲ್ಲ ಸೆಲ್ಲುಗಳಿಗೂ ಅದೇ ನ್ಯಾಯವೆಂದು ಭ್ರಮಿಸಬಾರದು. ವೈದ್ಯನ ಕೈಯಲ್ಲಿ ವಿಷವು ಔಷಧವಾಗಬಹುದು; ಆ ಕಾರಣದಿಂದ ಅದು ಅಡುಗೆಮನೆಗೆ ಬರತಕ್ಕದ್ದಲ್ಲ. ಲಿಥಿಯಮ್ಮಿನಿಂದ ಮಾಡಿದ, ಬಿಸಾಡತಕ್ಕ ಸೆಲ್ಲುಗಳನ್ನು ಮಾತ್ರ ಯಾವ ಕಾರಣಕ್ಕೂ ಚಾರ್ಜರಿಗೆ ಹಾಕಕೂಡದು. ಅವು ಸೋರುವುದಷ್ಟೇ ಅಲ್ಲ, ಹೊತ್ತಿ ಉರಿಯಲೂಬಹುದು.

ಸೋರಿದ ಸೆಲ್ಲನ್ನು ಬರಿಗೈಯಿಂದ ಮುಟ್ಟದೆ ಬಟ್ಟೆಯಲ್ಲಿಯೋ ಕಾಗದದಲ್ಲಿಯೋ ಹಿಡಿದು ತೆಗೆಯಬೇಕು. ಕೈಗೆ ತಗುಲಿದರೆ ಧಾರಾಳವಾಗಿ ನೀರಿನಲ್ಲಿ ತೊಳೆಯಬೇಕು. ಕಣ್ಣಿಗೆ ಸಿಡಿದರೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಶುದ್ಧವಾದ ನೀರನ್ನು ಹರಿಸಿ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಣ್ಣನ್ನು ಉಜ್ಜಬಾರದು, ಯಾವ ರಸವನ್ನೂ ಸೊಪ್ಪನ್ನೂ ಹಿಂಡಬಾರದು.

ಶಾಲೆ ಮತ್ತು ಮಕ್ಕಳು

ಶಾಲೆಗಳಿಗೂ ಸೆಲ್ಲಿಗೂ ಒಂದು ಹಳೆಯ ನಂಟುಂಟು. ಒಂದಾನೊಂದು ಕಾಲದಲ್ಲಿ ಹಳ್ಳಿಯ ಶಾಲೆಗಳಲ್ಲಿ ಮುಗಿದ ಸೆಲ್ಲುಗಳನ್ನು ಒಡೆದು, ಒಳಗಿನ ಕಪ್ಪನ್ನು ಸೊಪ್ಪಿನ ರಸದಲ್ಲಿ ಅರೆದು, ಕಪ್ಪುಹಲಗೆಗೆ ಬಳಿಯುತ್ತಿದ್ದುದು ಹಿರಿಯ ವಿದ್ಯಾರ್ಥಿಗಳಲ್ಲಿ ಅನೇಕರ ನೆನಪಿನಲ್ಲಿರಬೇಕು. ನಡುವಣ ಇಂಗಾಲದ ಕಡ್ಡಿಯಿಂದ ಗೋಡೆಯ ಮೇಲೆ ಬರೆಯುವುದು ಹುಡುಗರಿಗೆ ಪ್ರಿಯವಾದ ಆಟವಾಗಿತ್ತು. ಬಡತನದ ದಿನಗಳಲ್ಲಿ ಏನನ್ನೂ ವ್ಯರ್ಥಮಾಡದೆ ಬಾಳಿದ ಆ ತಲೆಮಾರನ್ನು ಹಳಿಯುವಂತಿಲ್ಲ. ಆದರೆ ಆ ಕಪ್ಪಿನಲ್ಲಿರುವ ಮ್ಯಾಂಗನೀಸಿನ ಧೂಳು ಉಸಿರಿನೊಡನೆ ಬಹುಕಾಲ ಒಳಹೊಕ್ಕರೆ ನರಗಳಿಗೆ ಕೇಡು. ಹಳೆಯ ಸೆಲ್ಲುಗಳಲ್ಲಿ ಸತುವಿನ ಸವೆತವನ್ನು ತಡೆಯಲು ಪಾದರಸವನ್ನೂ ಸೇರಿಸುತ್ತಿದ್ದರು. ಇಂದು ಆ ಪದ್ಧತಿಯನ್ನು ಮುಂದುವರಿಸುವ ಅಗತ್ಯವಿಲ್ಲ. ಉಪಾಧ್ಯಾಯರು ಪಾಠಕ್ಕಾಗಿ ಸೆಲ್ಲಿನ ಒಳರಚನೆಯನ್ನು ತೋರಿಸಬೇಕಾದಲ್ಲಿ ಚಿತ್ರವನ್ನು ಬರೆದು ತೋರಿಸುವುದೇ ಲೇಸು.

ಇದಕ್ಕಿಂತಲೂ ಹೆಚ್ಚು ಎಚ್ಚರದಿಂದಿರಬೇಕಾದುದು ಗುಂಡಿಯಾಕಾರದ ಸಣ್ಣ ಸೆಲ್ಲುಗಳ ವಿಷಯದಲ್ಲಿ. ಕೈಗಡಿಯಾರ, ಆಟಿಕೆ, ಚಿಕ್ಕ ರಿಮೋಟುಗಳಲ್ಲಿ ಇವು ಇರುತ್ತವೆ. ಮಗುವು ಇದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆಯಾದ ಮಾಂಸದ ಮೂಲಕ ಪ್ರವಾಹವು ಹರಿದು ಅಲ್ಲಿಯೇ ಕ್ಷಾರವು ಉತ್ಪತ್ತಿಯಾಗಿ, ಎರಡು ಗಂಟೆಗಳ ಒಳಗಾಗಿ ಆಳವಾದ ಸುಟ್ಟಗಾಯವಾಗಬಲ್ಲದು. ಟಾರ್ಚಿಗೆ ಪ್ರಯೋಜನವಿಲ್ಲದಷ್ಟು ಸತ್ತ ಸೆಲ್ಲೂ ಈ ಕೇಡನ್ನು ಮಾಡಬಲ್ಲುದು. ಮಗು ನುಂಗಿರಬಹುದೆಂಬ ಸಂಶಯ ಬಂದರೆ ಸಾಕು, ವಾಂತಿಮಾಡಿಸಲು ಯತ್ನಿಸದೆ, ಮಲದಲ್ಲಿ ಹೋದೀತೆಂದು ಕಾಯದೆ, ಆ ಕ್ಷಣವೇ ಎಕ್ಸ್-ರೇ ಸೌಕರ್ಯವುಳ್ಳ ಆಸ್ಪತ್ರೆಗೆ ಧಾವಿಸಬೇಕು.

ಮಿತವ್ಯಯದ ಮಾರ್ಗಗಳು

ಮಿತವ್ಯಯಕ್ಕೂ ಜಿಪುಣತನಕ್ಕೂ ಅಂತರವುಂಟು. ಜಿಪುಣನು ಇಂದಿನ ಕಾಸನ್ನು ನೋಡುತ್ತಾನೆ. ಮಿತವ್ಯಯಿಯು ವರ್ಷದ ಲೆಕ್ಕವನ್ನು ನೋಡುತ್ತಾನೆ. ಒಂದು ಸಣ್ಣ ಅಗ್ಗದ ಸೆಲ್ಲಿನಲ್ಲಿ ದೊರೆಯುವ ಶಕ್ತಿ ಸುಮಾರು ಒಂದು ವ್ಯಾಟ್-ಗಂಟೆ. ಮನೆಯ ಮೀಟರಿನ ಒಂದು ಯೂನಿಟ್ಟಿಗೆ ಇಂತಹ ೧,೦೦೦ ಸೆಲ್ಲುಗಳು ಬೇಕು. ಸೆಲ್ಲೊಂದಕ್ಕೆ ೨೦ ರೂಪಾಯಿ ಎಂದಿಟ್ಟುಕೊಂಡರೆ, ಕಂಬದ ತಂತಿಯಲ್ಲಿ ಕೆಲವೇ ರೂಪಾಯಿಗೆ ದೊರೆಯುವ ಯೂನಿಟ್ಟಿಗೆ ಸೆಲ್ಲಿನ ರೂಪದಲ್ಲಿ ೨೦,೦೦೦ ರೂಪಾಯಿ ತೆತ್ತಂತಾಯಿತು. ಸಂಸಾರವು ಕೊಳ್ಳುವ ವಿದ್ಯುತ್ತಿನಲ್ಲೆಲ್ಲ ಅತ್ಯಂತ ದುಬಾರಿಯಾದುದು ಇದೇ. ಆದುದರಿಂದ ಸೆಲ್ಲಿನ ಬಳಕೆಯನ್ನೇ ತಗ್ಗಿಸುವುದು ಮೊದಲನೆಯ ಉಪಾಯ.

ರೇಡಿಯೊವನ್ನು ಮನೆಯಲ್ಲಿ ಒಂದೇ ಸ್ಥಳದಲ್ಲಿಟ್ಟು ಕೇಳುವವರು ಎಲಿಮಿನೇಟರನ್ನು ಬಳಸಿ ಗೋಡೆಯ ಪ್ಲಗ್ಗಿನಿಂದಲೇ ನಡೆಸಬಹುದು. ರೇಡಿಯೊಕ್ಕೆ ಬೇಕಾದ ವೋಲ್ಟನ್ನೂ ಧನ ಋಣ ದಿಕ್ಕನ್ನೂ ಸರಿನೋಡಿ ಕೊಂಡರೆ ಸಾಕು. ಹಳೆಯ ತಂತುಬಲ್ಬಿನ ಟಾರ್ಚನ್ನು ಬಿಟ್ಟು ಎಲ್‌ಇಡಿ ಟಾರ್ಚನ್ನು ಬಳಸಿದರೆ ಅಷ್ಟೇ ಬೆಳಕಿಗೆ ಬಹು ಕಡಿಮೆ ವಿದ್ಯುತ್ತು ಸಾಕಾಗುವುದರಿಂದ ಸೆಲ್ಲು ಹಲವು ಪಟ್ಟು ಹೆಚ್ಚು ಬಾಳುತ್ತದೆ.

ಎರಡನೆಯ ಉಪಾಯವು ಪುನರ್ಭರಣಕ್ಕೆಂದೇ ನಿರ್ಮಿತವಾದ ಸೆಲ್ಲುಗಳನ್ನು ಕೊಳ್ಳುವುದು. ೧೮೯೯ರಲ್ಲಿ ಸ್ವೀಡನ್ನಿನ ವಾಲ್ಡೆಮರ್ ಯುಂಗ್ನರನು ನಿಕಲ್-ಕ್ಯಾಡ್ಮಿಯಂ ಕೋಶವನ್ನು ಕಂಡುಹಿಡಿದನು. ಕ್ಯಾಡ್ಮಿಯಂ ವಿಷಲೋಹವಾದುದರಿಂದ ಮನೆಬಳಕೆಯ ಸಣ್ಣ ಸೆಲ್ಲುಗಳಲ್ಲಿ ಅದರ ಸ್ಥಾನವನ್ನು ಇಂದು ಬಹುಮಟ್ಟಿಗೆ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲು ಪಡೆದುಕೊಂಡಿದೆ. ಇದರಲ್ಲಿ, ತುಂಬುವ ವೇಳೆ ಹುಟ್ಟುವ ಆಮ್ಲಜನಕವು ಒಳಗೇ ಮತ್ತೆ ಸಂಯೋಗಗೊಳ್ಳುವಂತೆ ರಚನೆಯಿದೆ. ಬಿಸಾಡತಕ್ಕ ಸೆಲ್ಲಿಗೆ ಇಲ್ಲದ ಗುಣವಿದು. ನೂರಾರು ಬಾರಿ ಇದನ್ನು ತುಂಬಬಹುದು. ಮೈಮೇಲೆ 'ರೀಚಾರ್ಜಬಲ್' ಎಂಬ ಮಾತೂ '೧.೨ ವೋಲ್ಟ್' ಎಂಬ ಅಂಕಿಯೂ ಅಚ್ಚಾಗಿರುವುದು ಇದರ ಗುರುತು. ೧.೨ ವೋಲ್ಟೆಂದು ಕಡಿಮೆಯೆಣಿಸಬೇಕಾಗಿಲ್ಲ; ಸಾಧಾರಣ ಸೆಲ್ಲಿನ ವೋಲ್ಟು ಬಳಸಿದಂತೆಲ್ಲ ಇಳಿಯುತ್ತ ಹೋಗುತ್ತದೆ, ಇದರದು ಕೊನೆಯವರೆಗೆ ಬಹುಮಟ್ಟಿಗೆ ಸಮನಾಗಿ ನಿಲ್ಲುತ್ತದೆ. ತುಂಬಿಟ್ಟರೂ ತಿಂಗಳೊಪ್ಪತ್ತಿನಲ್ಲಿ ತಾನಾಗಿ ಸೋರಿಹೋಗುವ ದೋಷವು ಹಿಂದೆ ಇದಕ್ಕಿತ್ತು. ೨೦೦೫ರಿಂದೀಚೆಗೆ ಬಂದ, ವರ್ಷ ಕಳೆದರೂ ಬಹುಪಾಲು ಶಕ್ತಿಯನ್ನು ಉಳಿಸಿಕೊಳ್ಳುವ ಬಗೆಯು ಈ ದೋಷವನ್ನು ನೀಗಿದೆ. ಕೊಳ್ಳುವಾಗ ಅದನ್ನೇ ಕೇಳಿ ಪಡೆಯುವುದು ಲೇಸು. ದಪ್ಪ ಸೆಲ್ಲಿನ ಟಾರ್ಚಿನಲ್ಲಿ ಸಣ್ಣ ಸೆಲ್ಲನ್ನು ಕೂರಿಸುವ ಪ್ಲಾಸ್ಟಿಕ್ಕಿನ ಹೊರಕವಚಗಳೂ ದೊರೆಯುತ್ತವೆ.

ಇದರಿಂದ ಲಾಭವೆಷ್ಟೆಂಬುದನ್ನು ಲೆಕ್ಕದಿಂದಲೇ ನೋಡಬಹುದು. ಬೆಲೆಗಳು ಅಂಗಡಿಯಿಂದ ಅಂಗಡಿಗೆ ಬೇರೆಯಾದರೂ ಸೌಕರ್ಯಕ್ಕಾಗಿ ಕೆಲವು ಅಂಕಿಗಳನ್ನಿಟ್ಟುಕೊಳ್ಳೋಣ. ಒಂದು ಮನೆಯಲ್ಲಿ ತಿಂಗಳಿಗೆ ನಾಲ್ಕು ಸೆಲ್ಲು ಬೇಕು, ಒಂದಕ್ಕೆ ೨೦ ರೂಪಾಯಿ. ತಿಂಗಳ ವೆಚ್ಚ ೮೦ ರೂಪಾಯಿ, ವರ್ಷಕ್ಕೆ ೯೬೦ ರೂಪಾಯಿ. ನಾಲ್ಕು ಪುನರ್ಭರಣದ ಸೆಲ್ಲು ಮತ್ತು ಒಂದು ಒಳ್ಳೆಯ ಚಾರ್ಜರಿಗೆ ೧,೪೪೦ ರೂಪಾಯಿ ಆಯಿತೆಂದರೆ, ೧೮ ತಿಂಗಳಲ್ಲಿ ಹಾಕಿದ ಹಣ ಮರಳುತ್ತದೆ. ಅಲ್ಲಿಂದ ಮುಂದಿನದೆಲ್ಲ ಉಳಿತಾಯ. ತುಂಬುವ ವಿದ್ಯುತ್ತಿನ ವೆಚ್ಚವನ್ನು ಗಣಿಸಬೇಕಾಗಿಯೇ ಇಲ್ಲ. ಒಂದು ಯೂನಿಟ್ಟಿನಲ್ಲಿ ಇನ್ನೂರು ಸೆಲ್ಲುಗಳನ್ನಾದರೂ ತುಂಬಬಹುದು. ಇನ್ನು ಗೋಡೆಯ ಗಡಿಯಾರದ ವಿಷಯವನ್ನು ನೋಡಿ. ಅದಕ್ಕೆ ವರ್ಷಕ್ಕೊಂದು ಸೆಲ್ಲು ಸಾಕು. ೨೦ ರೂಪಾಯಿಯ ವೆಚ್ಚವನ್ನು ಉಳಿಸಲು ೨೦೦ ರೂಪಾಯಿಯ ಸೆಲ್ಲನ್ನು ಹಾಕಿದರೆ ಹಣ ಮರಳಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಆ ಸೆಲ್ಲಿನ ಆಯುಸ್ಸೇ ತೀರಿರುತ್ತದೆ. ಆದುದರಿಂದ ಗಡಿಯಾರಕ್ಕೂ ರಿಮೋಟಿಗೂ ಸಾಧಾರಣ ಸೆಲ್ಲೇ ಯೋಗ್ಯ. ಟಾರ್ಚು, ಆಟಿಕೆ, ದಿನವೂ ಹಾಡುವ ರೇಡಿಯೊಗಳಿಗೆ ಪುನರ್ಭರಣದ ಸೆಲ್ಲು ಯೋಗ್ಯ. ಪ್ರಯೋಜನವನ್ನು ನೋಡಿ ಪಾತ್ರೆಯನ್ನು ಆರಿಸುವುದೇ ಮಿತವ್ಯಯ.

ಮೂರನೆಯ ಉಪಾಯವು ಒಳಗೇ ಬ್ಯಾಟರಿಯುಳ್ಳ ಟಾರ್ಚು ಮತ್ತು ಸೌರದೀಪಗಳು. ಇರುಳು ನೀರು ತಿರುಗಿಸುವ ರೈತನಿಗೆ ಇದೇ ಹೆಚ್ಚು ಅನುಕೂಲ. ಕರ್ನಾಟಕದಲ್ಲಿ ೧೯೯೫ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆಯು ಹಳ್ಳಿಗಳ ಮನೆಗಳಿಗೆ ಸೌರದೀಪಗಳನ್ನು ಒಯ್ದುದನ್ನೂ, ಅದರ ಸ್ಥಾಪಕರಲ್ಲೊಬ್ಬರಾದ ಹರೀಶ ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಸಂದುದನ್ನೂ ಇಲ್ಲಿ ಸ್ಮರಿಸಬಹುದು. ಇಂತಹ ದೀಪಗಳನ್ನು ಅದರದೇ ಆದ ಚಾರ್ಜರಿನಿಂದ ತುಂಬಬೇಕು; ತುಂಬಿದ ಮೇಲೆ ಪ್ಲಗ್ಗಿನಿಂದ ತೆಗೆಯಬೇಕು; ಸೀಸದ ಬ್ಯಾಟರಿಯದಾದರೆ ಬಳಸದಿದ್ದರೂ ತಿಂಗಳಿಗೊಮ್ಮೆ ತುಂಬಿಡಬೇಕು.

ಯಾವ ಸೆಲ್ಲನ್ನು ಬಳಸಿದರೂ ಪಾಲಿಸತಕ್ಕ ನಿಯಮಗಳು ಕೆಲವುಂಟು. ಹೊಸತನ್ನೂ ಹಳತನ್ನೂ ಬೆರಸಬಾರದು. ಬೇರೆ ಬೇರೆ ಜಾತಿಯವುಗಳನ್ನು ಒಟ್ಟಿಗೆ ಹಾಕಬಾರದು. ಹಾಗೆ ಬೆರಸಿದರೆ ಬಲವುಳ್ಳ ಸೆಲ್ಲು ಬಲಹೀನವಾದುದರ ಮೂಲಕ ಹಿಮ್ಮುಖವಾಗಿ ಪ್ರವಾಹವನ್ನು ನೂಕಿ, ಅರಿಯದೆಯೇ ಅದನ್ನು ಸೋರುವಂತೆ ಮಾಡುತ್ತದೆ. ಧನ ಋಣ ಗುರುತುಗಳನ್ನು ನೋಡಿ ಹಾಕಬೇಕು. ಬಹುದಿನ ಬಳಸದ ಉಪಕರಣದಿಂದ ಸೆಲ್ಲನ್ನು ತೆಗೆದಿಡಬೇಕು. ನಿಕಲ್ಲಿನ ಸೆಲ್ಲಿನ ಚಾರ್ಜರಿನಲ್ಲಿ ಲಿಥಿಯಂ ಸೆಲ್ಲನ್ನೂ, ಅದರದರಲ್ಲಿ ಇದನ್ನೂ ಹಾಕಬಾರದು. ಗಾತ್ರವೊಂದೇ ಇದ್ದ ಮಾತ್ರಕ್ಕೆ ಗುಣವೊಂದೇ ಅಲ್ಲ. ಮೈಮೇಲೆ 'ರೀಚಾರ್ಜಬಲ್' ಎಂದು ಅಚ್ಚಾಗಿರದ ಸೆಲ್ಲನ್ನು ಚಾರ್ಜರಿಗೆ ಹಾಕಲೇಬಾರದು ಎಂಬ ಒಂದೇ ನಿಯಮವನ್ನು ಮನೆಯವರೆಲ್ಲ ನೆನಪಿಟ್ಟರೂ ಬಹುಪಾಲು ಅಪಾಯವು ತಪ್ಪುತ್ತದೆ.

ಮುಗಿದ ಸೆಲ್ಲಿನ ಗತಿ

ಬಳಸಿ ಮುಗಿದುದು ಎಲ್ಲಿಗೆ ಹೋಗುತ್ತದೆ ಎಂಬುದೂ ವಿಚಾರಾರ್ಹ. ಹಳ್ಳಿಯಲ್ಲಿ ಅದು ಸಾಮಾನ್ಯವಾಗಿ ತಿಪ್ಪೆಗೆ ಬೀಳುತ್ತದೆ; ತಿಪ್ಪೆಯ ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತದೆ; ಇಲ್ಲವೇ ಕಬ್ಬಿನ ತರಗಿನೊಡನೆ ಬೆಂಕಿಗೆ ಸೇರಿ ಸಿಡಿಯುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವುಂಟು. ಶಿಂಷಾ ನದಿಯ ಸಮೀಪದ ಈ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಸೆ, ಆಲ, ಅರಳಿಯ ಮರಗಳ ಮೇಲೆ ಗೂಡುಕಟ್ಟಿ ಮರಿಮಾಡುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪಕ್ಷಿಶಾಸ್ತ್ರಜ್ಞ ಟಿ. ಸಿ. ಜರ್ಡನನು ಈ ಸೀಮೆಯ ಹೆಜ್ಜಾರ್ಲೆಗಳನ್ನು ಕುರಿತು ಬರೆದಿದ್ದನು. ೧೯೭೬ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ನೆಲೆಯನ್ನು ಮತ್ತೆ ಲೋಕದ ಗಮನಕ್ಕೆ ತಂದರು. ೨೦೦೭ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಹಕ್ಕಿಗಳು ಸುತ್ತಣ ಕೆರೆಗಳ ಮೀನನ್ನು ತಿಂದು ಮರಿಗಳಿಗೂ ಉಣಿಸುತ್ತವೆ. ೨೦೧೭-೧೮ರಲ್ಲಿ ಇಲ್ಲಿಯ ಅನೇಕ ಹೆಜ್ಜಾರ್ಲೆಗಳು ಹೊಟ್ಟೆಯಲ್ಲಿ ಜಂತುಹುಳುಗಳು ಸೇರಿದ್ದರಿಂದ ಸತ್ತುದು ಕಂಡುಬಂದಿತು. ಅದಕ್ಕೂ ಸೆಲ್ಲಿಗೂ ಸಂಬಂಧವಿಲ್ಲ. ಆದರೆ ಕೆರೆಯ ನೀರಿನ ಸ್ಥಿತಿಗೂ ಹಕ್ಕಿಯ ಒಡಲಿಗೂ ನಡುವೆ ದೂರವೆಷ್ಟು ಕಡಿಮೆಯೆಂಬುದನ್ನು ಅದು ನೆನಪಿಸುತ್ತದೆ. ಮಳೆಗೆ ತೊಳೆದುಹೋಗಿ ಕೆರೆ ಸೇರಬಹುದಾದ ಕ್ಷಾರ ಲೋಹಗಳನ್ನು ದಡದಲ್ಲಿಯೇ ತಡೆಯುವುದು ಊರವರ ಕೈಯಲ್ಲಿದೆ.

೨೦೨೨ರಲ್ಲಿ ಭಾರತ ಸರ್ಕಾರವು ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಸೆಲ್ಲುಗಳಿಗೂ ಅನ್ವಯಿಸುತ್ತವೆ. ಮುಗಿದ ಸೆಲ್ಲುಗಳನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿ, ಇತರ ಕಸದೊಡನೆ ಬೆರಸದೆ ಪ್ರತ್ಯೇಕವಾಗಿ ಒಪ್ಪಿಸುವ ಕರ್ತವ್ಯವನ್ನು ಬಳಕೆದಾರರಿಗೆ ವಿಧಿಸಿವೆ. ಅದುವರೆಗೆ ಮನೆಯಲ್ಲಿ ಮುಚ್ಚಳವುಳ್ಳ ಒಣ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ, ಮಕ್ಕಳ ಕೈಗೆ ನಿಲುಕದೆಡೆ, ಅವನ್ನು ಕೂಡಿಡಬೇಕು. ಗುಂಡಿಸೆಲ್ಲು ಮತ್ತು ಲಿಥಿಯಂ ಸೆಲ್ಲುಗಳ ಎರಡೂ ತುದಿಗಳಿಗೆ ಅಂಟುಪಟ್ಟಿ ಸುತ್ತಿಡಬೇಕು. ಶಾಲೆಯೊಂದು ಇಂತಹ ಪೆಟ್ಟಿಗೆಯನ್ನಿಟ್ಟು, ತಿಂಗಳಿಗೊಮ್ಮೆ ಮಕ್ಕಳಿಂದ ಸೆಲ್ಲುಗಳನ್ನು ತರಿಸಿ, ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಿದರೆ ಪುಸ್ತಕದ ಪಾಠವು ಮನೆಮನೆಗೂ ಮುಟ್ಟುತ್ತದೆ. ವಿದ್ಯಾರ್ಥಿನಿಲಯಗಳಿಗೆ ನೆರವಾಗಬಯಸುವ ದಾನಿಗಳು, ಚಾರ್ಜರಿನೊಡನೆ ಒಂದಷ್ಟು ಪುನರ್ಭರಣದ ಸೆಲ್ಲುಗಳನ್ನೋ ಸೌರದೀಪಗಳನ್ನೋ ಒದಗಿಸಿದರೆ ಆ ದಾನವು ಒಂದು ಇರುಳಿನದಾಗ‌ದೆ ಅನೇಕ ವರ್ಷಗಳದಾಗುತ್ತದೆ.

ಕೊಕ್ಕರೆ ಬೆಳ್ಳೂರಿನ ಜನರು ಮಿತವ್ಯಯವನ್ನು ಹೊರಗಿನವರಿಂದ ಕಲಿಯಬೇಕಾದವರಲ್ಲ. ಮರದಡಿಯಲ್ಲಿ ಬಿದ್ದ ಹಕ್ಕಿಯ ಹಿಕ್ಕೆಯನ್ನೂ ವ್ಯರ್ಥಮಾಡದೆ ಗೊಬ್ಬರವಾಗಿಸಿಕೊಂಡ ಊರದು. ಗೂಡಿರುವ ಕೊಂಬೆಯ ಹುಣಸೆಯನ್ನು ಉದುರಿಸದೆ ಬಿಟ್ಟ ಊರೂ ಅದೇ. ಯಾವುದನ್ನು ಮತ್ತೆ ಬಳಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ವಿವೇಕವು ಅಲ್ಲಿ ಹಿರಿಯರಿಂದಲೇ ಬಂದಿದೆ. ಅದೇ ವಿವೇಕವನ್ನು ಕಪಾಟಿನ ಮೂಲೆಯ ಸೆಲ್ಲಿಗೂ ಅನ್ವಯಿಸಿಕೊಂಡರೆ ಸಾಕು. ಕೊಡವನ್ನು ತುಂಬಬೇಕು, ಬೂದಿಯನ್ನು ಬಿಡಬೇಕು. ಹಾಗೆ ಮಾಡಿದ ಮನೆಯಲ್ಲಿ ಇರುಳು ಗದ್ದೆಗೆ ಹೊರಟವನ ಕೈದೀಪವು ನಡುದಾರಿಯಲ್ಲಿ ಕಂದುವುದಿಲ್ಲ, ಅದನ್ನು ತಂದುಕೊಡುವ ಮಗನ ಕೈಯೂ ಸುಡುವುದಿಲ್ಲ.